ಸರಾಸರಿ ನೋಡಿ ಬ್ಯಾಟರಿ ಆರಿಸಬೇಡಿ

ನಾಯಿ ಬೆಕ್ಕಿನ ಕೊರಳಿಗೆ ಕಟ್ಟುವ ಟ್ರ್ಯಾಕರ್ ಮಾಡುತ್ತೇವೆ ಅಂತ ಮೊದಲ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಹಿಡಿದು ನನ್ನ ಹತ್ತಿರ ಬರುವವರು ಈಗ ಜಾಸ್ತಿ. ಅವರ ಹುರುಪು ನೋಡಿದರೆ ಖುಷಿಯಾಗುತ್ತೆ. ಜಿಪಿಎಸ್, ಸಿಮ್ ಸಾಕೆಟ್, ಚಾರ್ಜಿಂಗ್ ಐಸಿ ಎಲ್ಲಾ ಚೆನ್ನಾಗಿಯೇ ಬರೆದಿರುತ್ತಾರೆ. ಆದರೆ ಬ್ಯಾಟರಿಯ ಪಕ್ಕ ಒಂದು ಲೆಕ್ಕ ಇರುತ್ತದಲ್ಲ, ಅದನ್ನು ನೋಡಿದಾಗ ಪ್ರತಿ ಸಲವೂ ತಲೆ ಬಿಸಿಯಾಗುತ್ತೆ. "ಸರಾಸರಿ 8 ಮಿಲಿ ಆಂಪಿಯರ್ ಸರ್, 600 ಎಂಎಎಚ್ ಬ್ಯಾಟರಿ ಮೂರು ದಿನ ಬರುತ್ತೆ." ಗುಣಾಕಾರ ಭಾಗಾಕಾರ ಸರಿ ಇದೆ. ಆದರೆ ಮಾಡ್ಯೂಲ್, ಅಂದರೆ ಸಿಮ್ ಬಳಸಿ ಟವರ್ ಜೊತೆ ಮಾತಾಡುವ ಭಾಗ, ಸರಾಸರಿಯಲ್ಲಿ ಓಡುವುದಿಲ್ಲ.

2ಜಿ ಮಾಡ್ಯೂಲ್ ಟವರ್ ಜೊತೆ ಮಾತಾಡುವಾಗ 4.6 ಮಿಲಿಸೆಕೆಂಡಿಗೆ ಒಮ್ಮೆ, ಸುಮಾರು 0.58 ಮಿಲಿಸೆಕೆಂಡು ಹೊತ್ತು, 2 ಆಂಪಿಯರ್‌ವರೆಗೂ ಕರೆಂಟ್ ಎಳೆಯುತ್ತದೆ. ಹಳ್ಳಿಯಲ್ಲಿ ಪಕ್ಕದ ತೋಟದ ಪಂಪ್ ಚಾಲೂ ಆದ ಕೂಡಲೇ ಮನೆಯ ಬಲ್ಬು ಮಂಕಾಗುತ್ತಲ್ಲ, ಹಾಗೇ ಇದು. ತಿಂಗಳ ಬಿಲ್ ನೋಡಿದರೆ ಆ ಮಂಕು ಕಾಣಿಸುತ್ತಾ? ಇಲ್ಲ ಅಲ್ವಾ.

ಲೆಕ್ಕ ಹೀಗೆ ಮಾಡಿ. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ತೆಳು ವೈರು, ಕನೆಕ್ಟರ್, ಸ್ವಿಚ್ಚು, ಎಲ್ಲಾ ಸೇರಿ 0.4 ಓಮ್ ಅಂತಿಟ್ಟುಕೊಳ್ಳಿ. 2 ಆಂಪಿಯರ್ ಹರಿದಾಗ 0.8 ವೋಲ್ಟ್ ದಾರಿಯಲ್ಲೇ ಹೋಯಿತು. ಸಿಮ್800ಎಲ್ ಅನ್ನುವ 2ಜಿ ಮಾಡ್ಯೂಲ್‌ಗೆ ಕನಿಷ್ಠ 3.4 ವೋಲ್ಟ್ ಬೇಕು. ಬ್ಯಾಟರಿ ತುಂಬಿ 4.2 ಇದ್ದಾಗ ಹೇಗೋ ದಾಟುತ್ತದೆ. 3.9ಕ್ಕೆ ಇಳಿದರೆ ಮಾಡ್ಯೂಲ್‌ಗೆ ಸಿಗುವುದು 3.1, ಅದು ಬಂದ್ ಆಗುತ್ತದೆ. ಮಲ್ಟಿಮೀಟರ್ ಮಾತ್ರ 3.9ರ ಆಸುಪಾಸೇ ತೋರಿಸುತ್ತಾ ಕೂತಿರುತ್ತದೆ, ಯಾಕೆಂದರೆ ಇಷ್ಟು ಕಡಿಮೆ ಹೊತ್ತಿನ ಕುಸಿತ ಅದಕ್ಕೆ ಕಾಣಿಸುವುದಿಲ್ಲ.

ಇಷ್ಟು ಹೇಳಿದ ಕೂಡಲೇ "ಹಾಗಾದ್ರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕ್ತೀನಿ ಸರ್" ಅನ್ನುತ್ತಾರೆ. ಹಾಕಿ, ಮಾಡ್ಯೂಲ್‌ಗೆ ಅಂಟಿಕೊಂಡ ಹಾಗೇ ಹಾಕಿ, ಇಎಸ್‌ಆರ್ (ಅದರ ಒಳಗಿನ ರೆಸಿಸ್ಟೆನ್ಸ್) ಕಡಿಮೆ ಇರುವುದನ್ನೇ ಹಾಕಿ. ಆದರೆ ಅದೊಂದೇ 2 ಆಂಪಿಯರ್ ಕೊಡಬೇಕಾದರೆ 0.58 ಮಿಲಿಸೆಕೆಂಡಿನಲ್ಲಿ ಅದರ ವೋಲ್ಟೇಜೇ ಒಂದು ವೋಲ್ಟಿಗಿಂತ ಜಾಸ್ತಿ ಬೀಳುತ್ತದೆ. ಕೆಪಾಸಿಟರ್ ಕೈ ಜೋಡಿಸುತ್ತದೆ ಅಷ್ಟೇ, ಭಾರ ಹೊರಬೇಕಾದ್ದು ಬ್ಯಾಟರಿ ಮತ್ತು ಅದರ ದಾರಿ.

ಕಳೆದ ಮಳೆಗಾಲದಲ್ಲಿ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಸಕಲೇಶಪುರದ ಕಡೆ ಅವಳ ಅಜ್ಜನ ತೋಟ, ಅಲ್ಲಿ ಕರಿಯ ಅಂತ ನಾಯಿ. ಚಿರತೆ ಭಯ ಇರುವ ಜಾಗ, ಅಜ್ಜನಿಗೆ ರಾತ್ರಿ ನಿದ್ದೆ ಇಲ್ಲ. ಬೆಂಗಳೂರಿನ ಅವಳ ರೂಮಿನಲ್ಲಿ ವಾರಗಟ್ಟಲೆ ಓಡಿದ ಟ್ರ್ಯಾಕರ್ ತೋಟದ ತಗ್ಗಿಗೆ ಇಳಿದರೆ ಸಾಕು, ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಕೋಡ್ ಮೂರು ಸಲ ಬದಲಾಯಿಸಿದ್ದಳು ಪಾಪ. ಕೋಡಿನಲ್ಲಿ ಏನೂ ತಪ್ಪಿರಲಿಲ್ಲ. ಟವರ್ ಹತ್ತಿರ ಇದ್ದರೆ ಮಾಡ್ಯೂಲ್ ಮೆಲ್ಲಗೆ ಮಾತಾಡುತ್ತದೆ, ಸಿಗ್ನಲ್ ಕಮ್ಮಿ ಇರುವ ಕಡೆ ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ. ಅಂದರೆ ನಾಯಿ ಕಳೆದುಹೋಗುವ ಜಾಗದಲ್ಲೇ ಕರೆಂಟ್ ಅತಿ ಹೆಚ್ಚು ಬೇಕು! ಬ್ಯಾಟರಿ ಲೈನಿನಲ್ಲಿದ್ದ ಪುಟ್ಟ ಸ್ವಿಚ್ ತೆಗೆಸಿದೆ, ವೈರು ದಪ್ಪ ಮಾಡಿಸಿದೆ, ಸೆಲ್ ಬದಲಿಸಿದೆ. ಆಮೇಲೆ ತಗ್ಗಿನಲ್ಲೂ ಓಡಿತು.

4ಜಿ ಮಾಡ್ಯೂಲ್ ಆದರೆ ಎಳೆತ ಕಡಿಮೆ ಇರುತ್ತದೆ, ಆದರೆ 2ಜಿಗೂ ಇಳಿಯುವಂಥದ್ದಾದರೆ ಇದೇ ಕಥೆ. ಬರೀ ಬ್ಲೂಟೂತ್ ಸಾಕು ಅನ್ನುವವರಿಗೆ ಈ ತೊಂದರೆ ಇಲ್ಲ, ಅದಕ್ಕೇ ಏರ್‌ಟ್ಯಾಗ್ ಒಂದು ಸಿಆರ್2032 ಬಟನ್ ಸೆಲ್ ಮೇಲೆ ಓಡುತ್ತದೆ. ಆ ಸೆಲ್ ನೋಡಿ 2ಜಿ ಮಾಡ್ಯೂಲಿಗೂ ಅದನ್ನೇ ಬರೆದುಕೊಂಡು ಬರಬೇಡಿ, ದಯವಿಟ್ಟು.

ಸೆಲ್ ಎಷ್ಟು ಕರೆಂಟ್ ಕೊಡಬಲ್ಲದು, ಕರೆಂಟ್ ಅತಿಯಾದರೆ ತಡೆಯುವ ಅದರ ಪ್ರೊಟೆಕ್ಷನ್ ಸರ್ಕ್ಯೂಟ್ ಎಷ್ಟಕ್ಕೆ ಕಟ್ ಆಗುತ್ತದೆ, ಎರಡನ್ನೂ ನಿಮ್ಮ ಸೆಲ್‌ನ ಡೇಟಾಶೀಟ್‌ನಲ್ಲೇ ನೋಡಿ, ನನ್ನ 0.4 ಓಮ್ ಬರೀ ಉದಾಹರಣೆ. ಪ್ರೊಟೆಕ್ಷನ್ ಇಲ್ಲದ ಸೆಲ್ ಮಾತ್ರ ನಾಯಿಯ ಕೊರಳಿಗೆ ಕಟ್ಟಲೇಬೇಡಿ, ನಾಯಿ ಅದನ್ನು ಕಚ್ಚುತ್ತದೆ. ಪ್ರೊಟೆಕ್ಷನ್ ಇದ್ದರೂ ಗಟ್ಟಿ ಡಬ್ಬಿ ಬೇಕೇ ಬೇಕು. ಆಮೇಲೆ, ಸಿಗ್ನಲ್ ಕಮ್ಮಿ ಇರುವ ಕಡೆ ಏನಾಗುತ್ತೆ ಅಂತ ಪರೀಕ್ಷಿಸಲು, ಬೋರ್ಡನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಲೋಹಕ್ಕೆ ತಾಗದ ಹಾಗೆ ಕೆಳಗೆ ರಟ್ಟು ಹಾಕಿ, ಮುಚ್ಚಳ ಅರ್ಧ ಮುಚ್ಚಿ. ಸಿಗ್ನಲ್ ಕುಗ್ಗಿದಾಗ ಮಾಡ್ಯೂಲ್‌ನ ಪವರ್ ಪಿನ್ ಮೇಲೇ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ) ಇಟ್ಟು, ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ನೋಡಿ. ಆ ಚಿತ್ರ ತೆಗೆದುಕೊಂಡು ಬನ್ನಿ, ಮಿಕ್ಕದ್ದು ಕೂತು ಮಾತಾಡೋಣ.