ರೈಟರ್ ಪಕ್ಕದಲ್ಲೇ ನಿಂತಿದ್ದರೆ

ಹಾಸನದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಪಿಎಚ್‌ಡಿ ಮಾಡುವವರು ಬಂದು ಕೂತ ತಕ್ಷಣ ಕೇಳುವುದು ಒಂದೇ: "ಸರ್, ಸ್ಯಾಂಪಲ್ ಎಷ್ಟಿರಬೇಕು?"

ಒಬ್ಬ ಹುಡುಗ ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಬರುವ ಅಸ್ಸಾಂ ಕೂಲಿಗಳ ಬಗ್ಗೆ ಕೆಲಸ ಮಾಡುತ್ತಿದ್ದ. ಹದಿನೈದೇ ದಿನದಲ್ಲಿ 300 ಪ್ರಶ್ನಾವಳಿ ತುಂಬಿಸಿಕೊಂಡು ಬಂದ. ಕೂಲಿ ಸರಿಯಾಗಿ ಸಿಗುತ್ತದೆಯೇ ಅನ್ನುವುದಕ್ಕೆ ಹೆಚ್ಚುಕಮ್ಮಿ ಎಲ್ಲರದ್ದೂ 'ಹೌದು'. ಎಲ್ಲಿ ಕೇಳಿದೆಯಪ್ಪಾ ಅಂದೆ. ಬಟವಾಡೆ ಸಾಲಿನಲ್ಲಿ. ಪಕ್ಕದಲ್ಲಿ ಯಾರಿದ್ದರು? ತೋಟದ ಲೆಕ್ಕ ಬರೆಯುವ ರೈಟರ್. ಅವರ ಮಾತನ್ನು ಕನ್ನಡಕ್ಕೆ ಯಾರು ಹೇಳಿದರು? ಆಳುಗಳನ್ನು ಕರೆತರುವ ಮೇಸ್ತ್ರಿ. ಸರಿ, ಹಾಗಾದರೆ ನೀನು ಮಾತಾಡಿಸಿದ್ದು ಇಬ್ಬರನ್ನು ಮಾತ್ರ ಅಂದೆ.

ಆ 300 ಜನರನ್ನು ಆರಿಸಿದ್ದು ಯಾವ ಪಟ್ಟಿಯಿಂದ ಅನ್ನುವುದು ಇನ್ನೊಂದು ಕಷ್ಟ. ಜನಗಣತಿ ನೋಡೋಣವೆಂದರೆ ಕೈಯಲ್ಲಿರುವುದು 2011ರದ್ದು. 2021ರದ್ದು ಮುಂದಕ್ಕೆ ಹೋಯಿತು. ಮತದಾರರ ಪಟ್ಟಿ ನೋಡೋಣವೆಂದರೆ ಇವರ ವೋಟು ಅವರವರ ಊರಲ್ಲಿ. ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಕಾಯಂ ಆಳುಗಳ ಹೆಸರಿರುತ್ತದೆ, ಗುತ್ತಿಗೆಯಲ್ಲಿ ಬಂದವರದ್ದು ಎಷ್ಟೋ ಸಲ ಇರುವುದೇ ಇಲ್ಲ. ಅದಕ್ಕೇ ಸಂಜೆ ಹೊತ್ತು ಆಳುಗಳಿರುವ ಲೈನ್ ಮನೆಗಳಿಗೆ ಹೋಗಿ ಒಲೆ ಎಣಿಸಬೇಕು, ಒಂದೊಲೆಗೆ ಒಂದು ಸಂಸಾರ ಅಂತ. ಅರೇಬಿಕಾ ಕೊಯ್ಲಿನ ನವೆಂಬರ್-ಡಿಸೆಂಬರ್‌ನಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಯಾರು ಉಳಿದರು, ಯಾರು ಹೋದರು ಅನ್ನುವುದು ಆಗಲೇ ಗೊತ್ತಾಗುವುದು. ಭಾಷೆ ಬಲ್ಲವರನ್ನು ಹೊರಗಿನಿಂದ ಕರೆದುಕೊಂಡು ಹೋಗಿ. ಜಿಗಣೆ ಕಾಟಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಅಷ್ಟು ಟೈಮ್ ಎಲ್ಲಿದೆ ಸರ್, ಜರ್ನಲ್‌ನಲ್ಲಿ ಪೇಪರ್ ಆಗಬೇಕಲ್ವಾ ಅನ್ನುತ್ತಾರೆ. ಪ್ರಬಂಧ ಕೊಡುವ ಮೊದಲು ಪೇಪರ್ ಪ್ರಕಟವಾಗಲೇಬೇಕು ಅನ್ನುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮದಲ್ಲೇ ತೆಗೆದುಹಾಕಿದೆ. ಮಾನ್ಯ ಜರ್ನಲ್‌ಗಳ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಆದರೂ ವಾರದಲ್ಲಿ ಪ್ರಕಟಿಸಿಕೊಡುತ್ತೇವೆ ಅನ್ನುವವರಿಗೆ ಹುಡುಗರು ಸುಮ್ನೆ ದುಡ್ಡು ಸುರಿಯುತ್ತಾರೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ, ಮೊದಲು ಓದಿ. ಕೆಲಸದ ಭಯ ಇದ್ದರೆ ಇದನ್ನೂ ನೆನಪಿಡಿ: ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಆಗಿದ್ದರೆ ಅರ್ಜಿ ಹಾಕಬಹುದು. 2023ರಿಂದ ಪಿಎಚ್‌ಡಿ ಕಡ್ಡಾಯವಲ್ಲ. ಇಂಟರ್‌ವ್ಯೂನಲ್ಲಿ ಪೇಪರ್ ಲೆಕ್ಕ ಹಾಕುತ್ತಾರೆ, ಇಲ್ಲ ಅನ್ನಲ್ಲ. ಆದರೆ ಪಿಎಚ್‌ಡಿಗೆ ಆರು ವರ್ಷ ಕಾಲಾವಕಾಶ ಇದೆ. ಅದರಲ್ಲಿ ಎರಡು ಕೊಯ್ಲು ನೋಡುವುದು ಜಾಸ್ತಿ ಏನಲ್ಲ.

ಆ ಹುಡುಗ ಮಳೆಗಾಲದಲ್ಲಿ ಮತ್ತೆ ಹೋದ, ಈ ಸಲ ಪ್ರಶ್ನಾವಳಿ ಇಲ್ಲದೆ. ಲೈನ್ ಮನೆಯಲ್ಲಿ ಉಳಿದಿದ್ದ ಒಬ್ಬಾಕೆ ಟೀ ಕೊಟ್ಟು, ಕೂಲಿಯಲ್ಲಿ ಅಡ್ವಾನ್ಸ್ ಮುರಿದುಕೊಂಡ ಲೆಕ್ಕದ ಚೀಟಿ ತೋರಿಸಿದಳಂತೆ. ಅಡ್ವಾನ್ಸ್ ಬಗ್ಗೆ ಅವನ ಪ್ರಶ್ನಾವಳಿಯಲ್ಲಿ ಒಂದು ಸಾಲೂ ಇರಲಿಲ್ಲ.