ಖಾಸಗಿ ವಿದೇಶ ಪ್ರಯಾಣ: ಕ್ಲಿಯರೆನ್ಸ್ ಇದ್ದವರು ರಜೆಗೆ ಹೊರಡುವ ಮುನ್ನ

ಅಮೆರಿಕ ಸರ್ಕಾರದ ಗೋಪ್ಯ ಮಾಹಿತಿಯನ್ನು ನೋಡಲು ಕೆಲವರಿಗೆ ಮಾತ್ರ ಅರ್ಹತೆ ಇರುತ್ತದೆ. ಹಿನ್ನೆಲೆಯನ್ನೆಲ್ಲ ಜಾಲಾಡಿದ ಮೇಲೆ ಸಿಗುವ ಈ ಅರ್ಹತೆಯೇ ಸೆಕ್ಯೂರಿಟಿ ಕ್ಲಿಯರೆನ್ಸ್. ಇದನ್ನು ಪಡೆದ ನೌಕರ ಸ್ವಂತ ರಜೆ ಹಾಕಿ, ಸ್ವಂತ ದುಡ್ಡಿನಲ್ಲಿ ದೇಶದಾಚೆ ಹೋದರೆ ನಿಯಮಗಳು ಅದನ್ನು ‘ಅನ್‌ಅಫಿಷಿಯಲ್ ಫಾರಿನ್ ಟ್ರಾವೆಲ್’ ಎನ್ನುತ್ತವೆ, ಅಂದರೆ ಖಾಸಗಿ ವಿದೇಶ ಪ್ರಯಾಣ. ಮಧುಚಂದ್ರ, ತೀರ್ಥಯಾತ್ರೆ, ತಂಗಿಯ ಮದುವೆ, ಬೆಂಗಳೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಯ ಗೃಹಪ್ರವೇಶ ಎಲ್ಲವೂ ಇದರೊಳಗೆ ಬರುತ್ತವೆ. ಸರ್ಕಾರವೇ ಕೆಲಸದ ಮೇಲೆ ಕಳಿಸಿದರೆ ಅದರ ದಾರಿ ಬೇರೆ.

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಪೌರತ್ವ ಪಡೆದು ಇಂಥ ಕೆಲಸಗಳಿಗೆ ಸೇರಿದ ಕನ್ನಡಿಗರಿದ್ದಾರೆ. ‘ಊರಿಗೆ ಬರೋದಕ್ಕೂ ಆಫೀಸಿನಲ್ಲಿ ಕೇಳಬೇಕಾ?’ ಎಂದು ಇಲ್ಲಿರುವ ಅವರ ತಂದೆ ತಾಯಿಗೆ ಅಚ್ಚರಿಯಾಗುವುದು ಸಹಜ. ಹೌದು, ಕೇಳಬೇಕು. ಏಕೆ ಎಂಬುದನ್ನು ಎರಡೂ ಕಡೆಯವರು ಅರಿತುಕೊಂಡರೆ ಅನಗತ್ಯ ಮುನಿಸು, ಗಾಬರಿ ಎರಡೂ ತಪ್ಪುತ್ತವೆ.

ನಿಯಮದ ಮೂಲ ‘ಸೆಕ್ಯೂರಿಟಿ ಎಕ್ಸಿಕ್ಯೂಟಿವ್ ಏಜೆಂಟ್ ಡೈರೆಕ್ಟಿವ್ 3’ ಎಂಬ ಆದೇಶ. ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಕಚೇರಿ ಹೊರಡಿಸಿದ ಇದು 2017ರ ಜೂನ್ 12ರಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲೂ ಬೇರೆ ಬೇರೆ ಇಲಾಖೆಗಳಲ್ಲಿ ತಮ್ಮದೇ ಕಟ್ಟುಪಾಡುಗಳಿದ್ದವು. ಈ ಆದೇಶ ಎಲ್ಲರಿಗೂ ಅನ್ವಯಿಸುವ ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಿತು. ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳಲ್ಲಿ ದುಡಿಯುವ ಕ್ಲಿಯರೆನ್ಸ್‌ದಾರರಿಗೆ ಖಾಸಗಿ ಪ್ರಯಾಣದ ವರದಿ 2022ರ ಆಗಸ್ಟ್‌ನಿಂದ ಕಡ್ಡಾಯವಾಯಿತು.

ಸರ್ಕಾರಿ ನೌಕರ ಹೊರಡುವ ಮುನ್ನ ಪ್ರಯಾಣದ ಪೂರ್ತಿ ವಿವರ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಯಾವ ದಿನ ಹೊರಟು ಯಾವ ದಿನ ಮರಳುವುದು, ಯಾವ ವಿಮಾನ ಸಂಸ್ಥೆ, ಪಾಸ್‌ಪೋರ್ಟ್ ವಿವರ, ಜೊತೆಗೆ ಬರುವ ವಿದೇಶಿ ಪ್ರಜೆಗಳು ಯಾರು, ಅವರು ಏನಾಗಬೇಕು, ಅಲ್ಲಿ ವಿದೇಶಿ ಸರ್ಕಾರದವರನ್ನೋ ಕಂಪನಿಯವರನ್ನೋ ಭೇಟಿಯಾಗುವ ಯೋಚನೆ ಇದೆಯೇ, ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಮೈಸೂರಿಗೆ ಬಂದವರು ದಾರಿ ಬದಲಿಸಿ ದುಬೈಯಲ್ಲಿ ಎರಡು ದಿನ ಉಳಿದರೆ, ಮರಳಿದ ಐದು ಕೆಲಸದ ದಿನಗಳೊಳಗೆ ಅದನ್ನೂ ತಿಳಿಸಬೇಕು. ಯೋಜನೆ ಇಲ್ಲದೆ ಬೆಳಿಗ್ಗೆ ಹೋಗಿ ಸಂಜೆ ಬರುವಂತೆ ಕೆನಡಾ ಅಥವಾ ಮೆಕ್ಸಿಕೋ ಗಡಿ ದಾಟಿದವರಿಗೂ ಅದೇ ಐದು ದಿನದ ಗಡುವು. ಪೋರ್ಟೊ ರಿಕೊ, ಗುವಾಮ್‌ನಂಥ ಜಾಗಗಳು ಅಮೆರಿಕದ್ದೇ ಆದ್ದರಿಂದ ಅಲ್ಲಿಗೆ ಹೋಗಲು ಈ ವರದಿ ಬೇಕಿಲ್ಲ.

ಈ ವಿವರಗಳಿಗೆ ಎರಡು ಉಪಯೋಗ. ಹೋಗುವ ದೇಶದಲ್ಲಿ ಅಪಾಯವಿದ್ದರೆ ಭದ್ರತಾ ಅಧಿಕಾರಿ ಮೊದಲೇ ಎಚ್ಚರಿಸಬಹುದು. ಅಪಾಯ ತೀರಾ ಹೆಚ್ಚೆನಿಸಿದರೆ ಬೇಡ ಎನ್ನುವ ಅಧಿಕಾರ ಇಲಾಖೆಯ ಮುಖ್ಯಸ್ಥರಿಗಿದೆ. ಎರಡನೆಯದನ್ನು ಜನ ಮರೆಯುತ್ತಾರೆ. ವಿದೇಶದಲ್ಲಿ ಯಾರೋ ಬಂದು ಮಾತಿಗೆಳೆದರು, ಹೋಟೆಲ್ ಕೋಣೆಯಲ್ಲಿ ಸಾಮಾನು ಜರುಗಿದಂತಿತ್ತು, ಕಸ್ಟಮ್ಸ್‌ನವರು ಲ್ಯಾಪ್‌ಟಾಪ್ ಒಳಗೆ ಒಯ್ದು ಅರ್ಧ ಗಂಟೆ ಬಿಟ್ಟು ತಂದುಕೊಟ್ಟರು ಎಂಬಂಥ ಸಂಗತಿಗಳನ್ನು ಮರಳಿದ ಮೇಲೆ ಹೇಳಿಕೊಳ್ಳಲು ಒಂದು ಜಾಗ ಬೇಕು. ಪ್ರಯಾಣವೇ ಗುಟ್ಟಾಗಿದ್ದರೆ ಅದರಲ್ಲಿ ನಡೆದದ್ದನ್ನು ಹೇಳುವುದಾದರೂ ಹೇಗೆ? ಬೇಹುಗಾರರು ಕಾಯುವುದು ಇಂಥ ಬಾಯಿಬಿಡಲಾಗದ ಸ್ಥಿತಿಗೇ. ಹಾಗಾಗಿ ಈ ವ್ಯವಸ್ಥೆ ನೌಕರನ ಮೇಲಿನ ಅನುಮಾನದಿಂದ ಹುಟ್ಟಿದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರಿಂದ ಹೆಚ್ಚು ರಕ್ಷಣೆ ಸಿಗುವುದು ಆ ನೌಕರನಿಗೇ.

ಕ್ಯಾಂಡೇಸ್ ಕ್ಲೈಬೋರ್ನ್ ಪ್ರಕರಣ ನೋಡಿ. ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಆಕೆಗೆ ಮೇಲಿನ ಮಟ್ಟದ, ಅಂದರೆ ‘ಟಾಪ್ ಸೀಕ್ರೆಟ್’ ಕ್ಲಿಯರೆನ್ಸ್ ಇತ್ತು. ಚೀನಾದ ಗುಪ್ತಚರ ಏಜೆಂಟರು ಆಕೆಗೂ ಆಕೆಯ ಮನೆಯವರಿಗೂ ನಗದು, ಐಫೋನ್, ಪ್ರವಾಸದ ಖರ್ಚು, ಓದಿನ ಶುಲ್ಕ ಎಂದು ಉಡುಗೊರೆಗಳನ್ನು ಕೊಡುತ್ತಾ ಹೋದರು. ಆ ಸಂಪರ್ಕಗಳನ್ನು ವರದಿ ಮಾಡುವುದು ಕರ್ತವ್ಯವೆಂದು ಗೊತ್ತಿದ್ದೂ ಆಕೆ ಮುಚ್ಚಿಟ್ಟರು, ವಿಚಾರಿಸಿದವರಿಗೂ ಸುಳ್ಳು ಹೇಳಿದರು. 2019ರಲ್ಲಿ ನ್ಯಾಯಾಲಯ 40 ತಿಂಗಳ ಸೆರೆವಾಸ ವಿಧಿಸಿತು. ಮೊದಲ ಉಡುಗೊರೆ ಬಂದ ದಿನವೇ ಭದ್ರತಾ ಅಧಿಕಾರಿಯ ಬಾಗಿಲು ತಟ್ಟಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಸಿಐಎಯ ಮಾಜಿ ಅಧಿಕಾರಿ ಕೆವಿನ್ ಮ್ಯಾಲರಿಯದು ಇನ್ನೂ ಘೋರ. ಲಿಂಕ್ಡ್‌ಇನ್‌ನಲ್ಲಿ ಬಂದ ಒಂದು ಸಂದೇಶದಿಂದ ಶುರುವಾದ ಪರಿಚಯ 2017ರಲ್ಲಿ ಆತನನ್ನು ಶಾಂಘೈವರೆಗೆ ಕರೆದೊಯ್ದಿತು. ಮರಳುವಾಗ ಷಿಕಾಗೋ ವಿಮಾನ ನಿಲ್ದಾಣದಲ್ಲಿ ಘೋಷಿಸದ 16,500 ಡಾಲರ್ ನಗದು ಸಿಕ್ಕಿತು. ಚೀನಾಕ್ಕೆ ಬೇಹುಗಾರಿಕೆ ಮಾಡಿದ್ದಕ್ಕೆ ಎರಡು ವರ್ಷದ ಬಳಿಕ ಆತನಿಗಾದ ಶಿಕ್ಷೆ 20 ವರ್ಷ. ಆಗ ಆತ ಸರ್ಕಾರಿ ನೌಕರಿಯಲ್ಲಿರಲಿಲ್ಲ. ಹಳೆಯ ನೌಕರಿಯಲ್ಲಿ ತಿಳಿದುಕೊಂಡ ಗುಟ್ಟುಗಳೇ ಬೆಲೆಬಾಳುವ ಸರಕಾಗಿದ್ದವು.

ಇಂಥ ಪ್ರಕರಣಗಳನ್ನು ಓದಿದವರಿಗೆ ಊರಿಗೆ ಬರುವುದೇ ಭಯವಾಗಬಾರದು. ಭಾರತದಲ್ಲಿ ತಂದೆ ತಾಯಿ ಇದ್ದಾರೆ, ಅಣ್ಣ ಎಚ್‌ಎಎಲ್‌ನಲ್ಲಿದ್ದಾನೆ, ಮಾವ ನಿವೃತ್ತ ಸೇನಾಧಿಕಾರಿ ಎಂಬ ಕಾರಣಕ್ಕೆ ಕ್ಲಿಯರೆನ್ಸ್ ತಾನಾಗಿ ಹೋಗುವುದಿಲ್ಲ. ಕ್ಲಿಯರೆನ್ಸ್ ಕೊಡಬೇಕೇ, ಉಳಿಸಬೇಕೇ ಎಂದು ತೀರ್ಮಾನಿಸಲು 13 ಮಾರ್ಗಸೂಚಿಗಳಿವೆ. ಅವುಗಳಲ್ಲೊಂದು ವಿದೇಶಿ ಪ್ರಭಾವದ ಕುರಿತದ್ದು. ಅಲ್ಲಿ ತೂಗಿ ನೋಡುವುದು ಆ ಸಂಬಂಧ ಎಷ್ಟು ಗಾಢ, ಆ ದೇಶ ಯಾವುದು, ಸಂಬಂಧಿಕರ ಕೆಲಸ ಏನು, ಅವರ ಮೂಲಕ ಈತನ ಮೇಲೆ ಒತ್ತಡ ತರಲು ಸಾಧ್ಯವೇ, ಈತನ ಬದುಕಿನ ಬೇರುಗಳು ಎಲ್ಲಿವೆ ಎಂಬುದನ್ನು. ರಕ್ಷಣಾ ಇಲಾಖೆಯ ಮೇಲ್ಮನವಿ ಕಚೇರಿಯ ತೀರ್ಪುಗಳು ಹೆಸರು ತೆಗೆದು ಪ್ರಕಟವಾಗುತ್ತವೆ. ಭಾರತದಲ್ಲಿ ಹುಟ್ಟಿದವರ ಎಷ್ಟೋ ಪ್ರಕರಣಗಳು ಅಲ್ಲಿವೆ, ಊರಿನ ಸೈಟು, ಬ್ಯಾಂಕ್ ಠೇವಣಿಗಳ ಚರ್ಚೆಯೂ ಬರುತ್ತದೆ. ಆಸಕ್ತಿ ಇದ್ದವರು ನಾಲ್ಕಾರು ಓದಿದರೆ ಊಹಾಪೋಹಗಳಿಗಿಂತ ಎಷ್ಟೋ ಹೆಚ್ಚು ತಿಳಿಯುತ್ತದೆ.

ಟಾಪ್ ಸೀಕ್ರೆಟ್ ಮಟ್ಟದವರಿಗೆ ಹೊಣೆ ಇನ್ನಷ್ಟು ಅಗಲ. ವಿದೇಶಿ ಬ್ಯಾಂಕ್ ಖಾತೆ, ವಿದೇಶದಲ್ಲಿನ ಆಸ್ತಿ, ವಿದೇಶಿ ಚುನಾವಣೆಯಲ್ಲಿ ಮತದಾನ ಎಲ್ಲವನ್ನೂ ತಿಳಿಸಬೇಕು. ಒಂದೇ ಸೂರಿನಡಿ 30 ದಿನಕ್ಕಿಂತ ಹೆಚ್ಚು ವಾಸಿಸುವ ವಿದೇಶಿ ಪ್ರಜೆಯ ಬಗ್ಗೆಯೂ ಹೇಳಬೇಕು. ಸೊಸೆಯ ಬಾಣಂತನಕ್ಕೆಂದು ಆರು ತಿಂಗಳು ಬಂದಿರುವ ಅಮ್ಮನನ್ನು ‘ವಿದೇಶಿ ಪ್ರಜೆ’ ಎಂದು ಫಾರಂನಲ್ಲಿ ಬರೆಯಲು ಕೈ ಹಿಂಜರಿಯಬಹುದು. ಆದರೆ ಭಾರತೀಯ ಪಾಸ್‌ಪೋರ್ಟ್ ಹೊಂದಿರುವ ಅಮ್ಮ ಆ ಲೆಕ್ಕದಲ್ಲಿ ಹಾಗೆಯೇ.

ಪ್ರಯಾಣದ ವೇಳೆಯ ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸಬಹುದು: ಆಫೀಸಿನ ಫೋನು, ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ, ಹೋಟೆಲಿನ ಲಾಕರ್ ನಂಬಬೇಡಿ, ಸಾರ್ವಜನಿಕ ವೈಫೈ ಬಳಸಬೇಡಿ, ಯಾರೋ ಕೊಟ್ಟ ಪೆನ್‌ಡ್ರೈವ್ ಚುಚ್ಚಬೇಡಿ. ಕಷ್ಟವಿರುವುದು ಮಾತಿನಲ್ಲಿ. ನುರಿತ ಬೇಹುಗಾರ ನೇರ ಪ್ರಶ್ನೆ ಕೇಳುವುದೇ ಇಲ್ಲ. ಹೊಗಳುತ್ತಾನೆ, ಬೇಕೆಂದೇ ತಪ್ಪು ಹೇಳುತ್ತಾನೆ, ನೀವಾಗಿಯೇ ತಿದ್ದಲಿ ಎಂದು ಕಾಯುತ್ತಾನೆ. ಹೀಗೆ ಬಾಯಿ ಬಿಡಿಸುವ ಕಲೆಯಿಂದ ತಪ್ಪಿಸಿಕೊಳ್ಳಲು ಕೆಲಸದ ವಿಷಯವನ್ನೇ ಎತ್ತದಿರುವುದು ಒಳ್ಳೆಯದು. ಮನೆಯವರೂ ಇಲ್ಲಿ ನೆರವಾಗಬಹುದು. ‘ನಮ್ಮ ಮಗ ಪೆಂಟಗನ್‌ನಲ್ಲಿದ್ದಾನೆ’ ಎಂದು ಮದುವೆ ಮನೆಯಲ್ಲಿ ನಾಲ್ಕು ಜನರೆದುರು ಹೆಮ್ಮೆಪಡುವುದು, ಆ ಫೋಟೊವನ್ನು ಫೇಸ್‌ಬುಕ್‌ಗೆ ಹಾಕುವುದು ಮಗನಿಗೆ ತೊಂದರೆ ತರಬಹುದು. ‘ಸರ್ಕಾರಿ ಕೆಲಸ’ ಎಂದಷ್ಟೇ ಹೇಳಿದರೂ ಹೆಮ್ಮೆಗೆ ಕೊರತೆಯಿಲ್ಲ.

ಭಾರತದಲ್ಲೂ ಈ ವಿಷಯ ಹೊಸದಲ್ಲ. ಅಧಿಕೃತ ರಹಸ್ಯಗಳ ಕಾಯ್ದೆ 1923ರಷ್ಟು ಹಳೆಯದು. ಕೇಂದ್ರ ಸರ್ಕಾರಿ ನೌಕರರು ಖಾಸಗಿಯಾಗಿ ವಿದೇಶಕ್ಕೆ ಹೋಗಲು ಮೇಲಧಿಕಾರಿಯ ಪೂರ್ವಾನುಮತಿ ಪಡೆಯಬೇಕು. ಅರ್ಜಿ ತಲುಪಿದ 21 ದಿನಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ಭಾವಿಸಬಹುದು ಎಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2015ರಲ್ಲಿ ಹೇಳಿತು. ವಿದೇಶಿ ಸಂಸ್ಥೆ ಟಿಕೆಟ್ಟು, ಊಟ, ವಸತಿ ಕೊಡುತ್ತೇನೆಂದು ಕರೆದರೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ 6ನೇ ವಿಧಿಯಂತೆ ಕೇಂದ್ರದ ಅನುಮತಿ ಬೇಕು. ಇದು ಸರ್ಕಾರದ ಒಡೆತನದ ಕಂಪನಿಗಳಿಗೂ ಅನ್ವಯಿಸುವುದರಿಂದ ಬೆಂಗಳೂರಿನ ಎಚ್‌ಎಎಲ್, ಬಿಇಎಲ್ ನೌಕರರು ಇದನ್ನು ತಿಳಿದಿರಲೇಬೇಕು. ವಿದೇಶದಲ್ಲಿದ್ದಾಗ ಹಠಾತ್ತನೆ ಕಾಯಿಲೆ ಬಿದ್ದು ಇಂಥ ಆತಿಥ್ಯದಲ್ಲಿ ಚಿಕಿತ್ಸೆ ಪಡೆಯಬೇಕಾದರೆ ಮೊದಲೇ ಅನುಮತಿ ಬೇಕಿಲ್ಲ, ಒಂದು ತಿಂಗಳೊಳಗೆ ತಿಳಿಸಿದರೆ ಸಾಕು.

ಕೊನೆಗೆ, ದೂರದಲ್ಲಿರುವ ಎಲ್ಲರನ್ನೂ ಕಾಡುವ ಪ್ರಶ್ನೆ: ಅಪ್ಪ ಐಸಿಯುನಲ್ಲಿದ್ದಾರೆ ಎಂದು ನಡುರಾತ್ರಿ ಫೋನ್ ಬಂದರೆ ಫಾರಂ ತುಂಬುತ್ತಾ ಕೂರಬೇಕೇ? ಬೇಡ. ಅಮೆರಿಕದ ಆದೇಶದಲ್ಲಿ ತುರ್ತು ಪ್ರಯಾಣಕ್ಕೆ ಅವಕಾಶವಿದೆ. ಹೊರಡುವ ಮುನ್ನ ಮೇಲಧಿಕಾರಿಗೆ ಸುದ್ದಿ ಮುಟ್ಟಿಸಿ ವಿಮಾನ ಹತ್ತಬಹುದು. ಉಳಿದ ವಿವರವನ್ನೆಲ್ಲ ಮರಳಿ ಬಂದ ಐದು ಕೆಲಸದ ದಿನಗಳೊಳಗೆ ಕೊಟ್ಟರಾಯಿತು. ಮೇಲಧಿಕಾರಿಯ ಮತ್ತು ಭದ್ರತಾ ಅಧಿಕಾರಿಯ ನಂಬರನ್ನು ಸ್ವಂತ ಫೋನಿನಲ್ಲಿ ಇವತ್ತೇ ಸೇವ್ ಮಾಡಿಟ್ಟುಕೊಳ್ಳಿ.