ಕಿರಣ ತಿರುಗಿಸುವ ಚಿಪ್: 5.6 ಡಿಗ್ರಿಯ ಹಿಂದಿನ ಕಥೆ

ಗುಲಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಮೈಕ್ರೋಸ್ಟ್ರಿಪ್ ಆಂಟೆನಾ (ಸರ್ಕ್ಯೂಟ್ ಹಲಗೆಯ ಮೇಲೆ ಮೂಡಿಸಿದ ಚಪ್ಪಟೆ ಆಂಟೆನಾ) ಸಂಶೋಧನೆ ಹಲವು ವರ್ಷಗಳಿಂದ ನಡೆದುಬಂದಿದೆ. ಅಂಥ ಪುಟ್ಟ ಆಂಟೆನಾಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಅಲೆಯನ್ನೂ ಲೆಕ್ಕವಿಟ್ಟು ಹಿಂದುಮುಂದು ಮಾಡಿದರೆ ಆಂಟೆನಾ ಅಲುಗದೆಯೇ ಕಿರಣ ತಿರುಗುತ್ತದೆ. ಇದೇ ಫೇಸ್ಡ್ ಅರೇ. ಅಲೆಯ ಫೇಸ್, ಅಂದರೆ ಏರಿಳಿತದ ಸ್ಥಾನ, ಸರಿಸುವುದು ಫೇಸ್ ಶಿಫ್ಟರ್. ಬಲ ತಗ್ಗಿಸಿ ಅಕ್ಕಪಕ್ಕದ ಬೇಡದ ಕಿರಣಗಳನ್ನು ಅಡಗಿಸುವುದು ಅಟೆನ್ಯುಯೇಟರ್. ಒಂದನ್ನು ಮುಟ್ಟಿದರೆ ಇನ್ನೊಂದೂ ಅಲುಗುತ್ತದೆ. ಕಷ್ಟವೆಲ್ಲ ಇಲ್ಲೇ ಇದೆ.

1905ರಲ್ಲೇ ಫರ್ಡಿನಾಂಡ್ ಬ್ರೌನ್ ಮೂರು ಆಂಟೆನಾಗಳಿಂದ ಈ ತತ್ವ ತೋರಿಸಿದ್ದರು. ಮುಂದೆ ರಡಾರ್‌ಗಳಿಗೆ ಫೆರೈಟ್ (ಕಾಂತೀಯ ಸೆರಾಮಿಕ್) ಫೇಸ್ ಶಿಫ್ಟರ್ ಬಂತು: ನಷ್ಟ ಕಡಿಮೆ, ತೂಕ ಜಾಸ್ತಿ. 1976ರಲ್ಲಿ ಇಡೀ ಆಂಪ್ಲಿಫೈಯರ್ ಒಂದೇ ಗ್ಯಾಲಿಯಂ ಆರ್ಸೆನೈಡ್ ತುಣುಕಿನ ಮೇಲೆ ಮೂಡಿದ ಮೇಲೆ ಚಿಪ್‌ನ ದಾರಿ ತೆರೆಯಿತು.

ಆ ಚಿಪ್‌ಗಳಲ್ಲಿ 6 ಬಿಟ್‌ನ ಫೇಸ್ ಶಿಫ್ಟರ್, ಅಂದರೆ ಆನ್-ಆಫ್ ಮಾಡಬಹುದಾದ ಆರು ಹಂತಗಳದ್ದು, ರೂಢಿಯಾಯಿತು: 180, 90, 45, 22.5, 11.25, 5.625 ಡಿಗ್ರಿ. ಒಂದೊಂದು ಬಿಟ್ಟೂ ಬೇರೆಯಾಗಿ ಅಳೆದಾಗ ಸರಿಯಿರುತ್ತದೆ, ಜೋಡಿಸಿದಾಗ ಕೆಡುತ್ತದೆ. ಪಕ್ಕಪಕ್ಕದ ಎರಡು ಬಿಟ್‌ಗಳ ರಿಟರ್ನ್ ಲಾಸ್ (ಹಿಂದಕ್ಕೆ ಪುಟಿದ ಅಲೆ ಎಷ್ಟು ಕುಗ್ಗಿದೆ ಎಂಬ ಅಳತೆ) ತಲಾ 10 ಡೆಸಿಬೆಲ್ ಮಾತ್ರ ಇದೆ ಅನ್ನೋಣ. ಅಲೆ ಇವೆರಡರ ನಡುವೆ ಪುಟಿದು ಹತ್ತನೇ ಒಂದು ಪಾಲು ಮತ್ತೆ ಬಂದು ಸೇರುತ್ತದೆ. ಅಷ್ಟಕ್ಕೇ ಫೇಸ್ 5.7 ಡಿಗ್ರಿವರೆಗೆ ತಪ್ಪಬಹುದು, ಅಂದರೆ ಕೊನೆಯ ಬಿಟ್ ಇದ್ದೂ ಇಲ್ಲದಂತೆ. ಬಲದಲ್ಲೂ ಸುಮಾರು 0.9 ಡೆಸಿಬೆಲ್ ಏರುಪೇರು. ಅದಕ್ಕೇ ಬಿಟ್‌ಗಳನ್ನು ಬೆಲೆಯ ಕ್ರಮದಲ್ಲಿ ಸಾಲಿಡಬಾರದು. ಮ್ಯಾಚಿಂಗ್ ಚೆನ್ನಾಗಿರುವ, ಅಂದರೆ ಅಲೆಯನ್ನು ಕಡಿಮೆ ಪುಟಿಸುವ, ಸಣ್ಣ ಬಿಟ್‌ಗಳನ್ನು ದೊಡ್ಡವುಗಳ ನಡುವೆ ತೂರಿಸಬೇಕು.

ಅಟೆನ್ಯುಯೇಟರ್‌ನಲ್ಲಿ ಹೆಚ್ಚು ಕಾಡುವುದು ಬಲವನ್ನು 16 ಡೆಸಿಬೆಲ್ ತಗ್ಗಿಸುವ ಬಿಟ್. ಆಫ್ ಆದ ಟ್ರಾನ್ಸಿಸ್ಟರ್ ಪೂರ್ತಿ ಕಡಿದುಕೊಳ್ಳದೆ ಪುಟ್ಟ ಕೆಪಾಸಿಟರ್‌ನಂತೆ ಉಳಿಯುತ್ತದೆ. ಬಲದ ಜೊತೆ ಫೇಸೂ ತಿರುಚಿಕೊಳ್ಳುತ್ತದೆ. ನೆಲಕ್ಕೆ (ಸರ್ಕ್ಯೂಟ್‌ನ ಗ್ರೌಂಡ್‌ಗೆ) ಹೋಗುವ ರೆಸಿಸ್ಟರ್‌ಗೆ ಸಮಾಂತರವಾಗಿ ಸಣ್ಣ ಕೆಪಾಸಿಟರ್ ಇಟ್ಟು ಅದನ್ನು ಸರಿದೂಗಿಸುತ್ತಾರೆ.

2000ದ ನಂತರ ಸಿಲಿಕಾನ್ ಚಿಪ್‌ಗಳಲ್ಲಿ ವೆಕ್ಟರ್ ಮಾಡ್ಯುಲೇಟರ್ ಮುಂದೆ ಬಂತು. ಅಲೆಯನ್ನು 90 ಡಿಗ್ರಿ ಅಂತರದ ಎರಡು ಪಾಲು ಮಾಡಿ, ಬೇಕಾದ ಅಳತೆಯಲ್ಲಿ ಕೂಡಿಸುವ ಉಪಾಯವಿದು. ಆ ಅಂತರ 95 ಡಿಗ್ರಿಯಾದರೆ 45 ಡಿಗ್ರಿಯಲ್ಲಿ ಬಲ ಸುಮಾರು 0.4 ಡೆಸಿಬೆಲ್ ಕುಸಿಯುತ್ತದೆ, 135ರಲ್ಲಿ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಉಳಿದ ತಪ್ಪನ್ನು ತಿದ್ದುವುದು ಕ್ಯಾಲಿಬ್ರೇಷನ್ ಪಟ್ಟಿ. ಆರಾರು ಬಿಟ್‌ಗಳಿಂದ 64 ಫೇಸ್, 64 ಅಟೆನ್ಯುಯೇಷನ್, ಒಟ್ಟು 4,096 ಸ್ಥಿತಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಲ್ಯಾಬ್‌ನಲ್ಲಷ್ಟೇ ಅಳೆದ ಪಟ್ಟಿ ಕಲಬುರಗಿಯ ಬೇಸಿಗೆಗೆ ಸಾಲದು. ಹೊರಗೇ 42 ಡಿಗ್ರಿ ದಾಟುವಾಗ ಬಿಸಿಲಿಗಿಟ್ಟ ಡಬ್ಬಿಯೊಳಗಿನ ಚಿಪ್ ಇನ್ನೂ ಕಾದಿರುತ್ತದೆ, ಗೇನ್ (ಅಲೆಯ ಬಲ ಹೆಚ್ಚಿಸುವ ಪ್ರಮಾಣ) ಇಳಿದಿರುತ್ತದೆ. ಚಿಪ್ಪನ್ನು 85 ಡಿಗ್ರಿಗೆ ಕಾಯಿಸಿ ಇನ್ನೊಂದು ಸುತ್ತು ಅಳೆದೇ ಪಟ್ಟಿ ಬರೆಯಬೇಕು.